ತಗಡಿನ ಕೆಳಗಿನ ಗೌರಿ

ಬೆರಗಾಗಲೆಂದು ಜನ ಹಿಮಾಲಯದವರೆಗೂ ಹೋಗುತ್ತಾರಂತೆ. ನನಗೆ ಬೈಲಹೊಂಗಲದ ಬಾಡಿಗೆ ಮನೆಯ ಹಿತ್ತಲೇ ಸಾಕಾಯಿತು. ಅಲ್ಲಿ ನಮ್ಮ ಎಮ್ಮೆ ಗೌರಿ ಇದ್ದಳು. ಅಲ್ಲಿಯವರೆಗೆ ಎಮ್ಮೆ ಎಂಬ ಶಬ್ದ ಯಾರನ್ನಾದರೂ ಬೈಯುವಾಗ ಮಾತ್ರ ನನ್ನ ಬಾಯಿಗೆ ಬರುತ್ತಿತ್ತು.

ನಾನು ದರ್ಜಿ. ಎಪ್ಪತ್ತರ ದಶಕದಲ್ಲಿ ಮುನವಳ್ಳಿ ಬಿಟ್ಟು ಹೊಲಿಗೆ ಮೆಷಿನ್, ಎಮ್ಮೆ, ಅಪ್ಪ, ಅವ್ವ ಮತ್ತು ಹೆಂಡತಿಯೊಂದಿಗೆ ಬೈಲಹೊಂಗಲಕ್ಕೆ ಬಂದೆ. (ಈ ಅನುಕ್ರಮಕ್ಕಾಗಿ ಹೆಂಡತಿ ಇನ್ನೂ ನನ್ನನ್ನು ಕ್ಷಮಿಸಿಲ್ಲ.) ಅಪ್ಪನಿಗೆ ಹೊಟ್ಟೆಹುಣ್ಣು. ಜೀವಮಾನವಿಡೀ ರೊಟ್ಟಿಗೆ ಕೆಂಪು ಚಟ್ನಿ ಹಚ್ಚಿಕೊಂಡು ತಿಂದವನನ್ನು ಡಾಕ್ಟರು ಬರೀ ಹಾಲು-ಅನ್ನದ ಮೇಲೆ ಇಟ್ಟಿದ್ದರು. ಅದರಲ್ಲೂ ಗೌರಿಯ ಹಾಲಲ್ಲದೆ ಬೇರೆ ಹಾಲು ಅವನಿಗೆ ಒಗ್ಗುತ್ತಿರಲಿಲ್ಲ.

ಯುಗಾದಿ ಮುಗಿದು ಬಿಸಿಲೇರಿತು. ಹೊಸ ಮನೆಯ ಕೊಟ್ಟಿಗೆಗೆ ತಗಡಿನ ಸೂರು. ಗೌರಿ ಮೇವು ಬಿಟ್ಟು, ಬಾಯಿ ತೆರೆದು ತೇಕತೊಡಗಿದಳು. ಚರಿಗೆ ತುಂಬ ಹಾಲು ಕರೆಯುತ್ತಿದ್ದವಳು ಅದರ ತಳ ಮುಚ್ಚುವಷ್ಟು ಕೊಟ್ಟು ಕಾಲು ಝಾಡಿಸುತ್ತಿದ್ದಳು. "ಯಾರದೋ ದೃಷ್ಟಿ ಆಗೈತ್ರಿ" ಎಂದಳು ಪಕ್ಕದ ಮನೆಯಾಕೆ. ನಾನು ಹಿಂಡಿ ಬದಲಿಸಿ ನೋಡಿದೆ. ಹೆಂಡತಿ ಇದ್ದ ಹಾಲಿಗೆ ಒಂದಿಷ್ಟು ನೀರು ಬೆರೆಸಿ ಅಪ್ಪನ ಮುಂದಿಟ್ಟಳು. ಅಪ್ಪ ಒಂದೇ ಗುಟುಕು ಕುಡಿದು ಕೇಳಿದ: "ಗೌರಿ ಯಾವಾಗಿಂದ ಬಾವಿ ಆದ್ಲವಾ?" ನಾವು ನಕ್ಕೆವು. ಆದರೆ ಅವನ ಅಂಗಿ ದಿನೇ ದಿನೇ ಸಡಿಲವಾಗುತ್ತಿರುವುದು ದರ್ಜಿಯ ಕಣ್ಣಿಗೆ ತಪ್ಪುತ್ತದೆಯೇ?

ಒಂದು ಮಧ್ಯಾಹ್ನ ಗೌರಿ ಹಗ್ಗ ಹರಿದುಕೊಂಡು ಹೋಗಿಬಿಟ್ಟಳು. ಯಾವನೋ ಮದುಮಗನ ಸೊಂಟದ ಅಳತೆಯನ್ನು ಅರ್ಧಕ್ಕೇ ಬಿಟ್ಟು, ಟೇಪು ಕೈಯಲ್ಲಿದ್ದಂತೆಯೇ, ಹುಡುಕಲು ಹೊರಟ ಅವ್ವನ ಹಿಂದೆ ಓಡಿದೆ. ಊರ ಹೊರಗಿನ ಕೆರೆಯಲ್ಲಿ ಎರಡು ಕೋಡು, ಎರಡು ಮೂಗಿನ ಹೊಳ್ಳೆ, ಒಂದು ಅಂಗೈಯಷ್ಟು ಬೆನ್ನು ಕಂಡವು. ಉಳಿದ ಗೌರಿಯೆಲ್ಲ ನೀರೊಳಗೆ. ಕರೆದರೆ ಕಿವಿಯನ್ನೂ ಅಲುಗಿಸಲಿಲ್ಲ. ಎಳೆದು ತರುವ ಹುರುಪಿನಲ್ಲಿ ಸೊಂಟಮಟ ನೀರಿಗಿಳಿದೆ. ನೀರಿನಿಂದ ಮೇಲಿದ್ದ ಬೆನ್ನಿನ ಮೇಲೆ ಕೈಯಿಟ್ಟರೆ ರೊಟ್ಟಿಯ ಹಂಚು ಮುಟ್ಟಿದಂತಾಯಿತು. ಅದೇ ಕೈ ನೀರೊಳಗೆ ಅವಳ ಪಕ್ಕೆಗೆ ಜಾರಿದಾಗ ತಣ್ಣಗೆ, ಬೆಣ್ಣೆಯಷ್ಟು ಮೆತ್ತಗೆ. ಬೆಳಿಗ್ಗೆ ತೇಕುತ್ತಿದ್ದ ಅಷ್ಟು ದೊಡ್ಡ ಜೀವ ಈಗ ನಿಧಾನವಾಗಿ ಉಸಿರಾಡುತ್ತಿತ್ತು. ಪ್ರತಿ ಉಸಿರಿಗೂ ಕೆರೆಯ ನೀರು ನನ್ನ ಹೊಟ್ಟೆಗೆ ಬಂದು ತಾಗುತ್ತಿತ್ತು. ಎಳೆಯಲು ಬಂದವನು ಕೈಯನ್ನು ಅಲ್ಲೇ ಇಟ್ಟುಕೊಂಡು ನಿಂತೆ.

ದಂಡೆಯಿಂದ ಅವ್ವ ಕೂಗಿದಳು: "ಎಬ್ಬಿಸಬ್ಯಾಡೋ! ಮುನವಳ್ಳ್ಯಾಗ ದಿನಾ ಹೊಳ್ಯಾಗ ಬೀಳತಿದ್ಲು. ಇಲ್ಲಿ ನಾವು ತಗಡಿನ ಬುಡಕ ಕಟ್ಟಿ ಹುರಿಯಾಕ ಹತ್ತೀವಿ. ಹಾಲು ಎಲ್ಲಿಂದ ಬರಬೇಕು?"

ಹೊತ್ತು ಇಳಿದ ಮೇಲೆ ಗೌರಿ ತಾನಾಗಿಯೇ ಎದ್ದು ಮನೆಯ ದಾರಿ ಹಿಡಿದಳು. ಮರುದಿನದಿಂದ ಅವ್ವ ಅವಳನ್ನು ಮಧ್ಯಾಹ್ನ ತಪ್ಪದೆ ಕೆರೆಗೆ ಹೊಡೆದುಕೊಂಡು ಹೋಗತೊಡಗಿದಳು. ನಾನು ಹಳೆಯ ಗೋಣಿಚೀಲಗಳನ್ನು ಬಿಚ್ಚಿ, ಜೋಡಿಸಿ ಹೊಲಿದು ತಗಡಿನ ಮೇಲೆ ಹಾಸಿದೆ, ಬಿಸಿಲು ಬೀಳುವ ಕಡೆ ಪರದೆ ಕಟ್ಟಿದೆ. ಎರಡಕ್ಕೂ ನಾವು ನೀರು ಚಿಮುಕಿಸಿದೆವು. ಗೌರಿ ಮೊದಲು ಮೇವಿಗೆ ಬಾಯಿ ಹಾಕಿದಳು. ಆಮೇಲೆ ಚರಿಗೆಯಲ್ಲಿ ಹಾಲು ದಿನಕ್ಕಿಷ್ಟು ಏರಿತು. ಮೇಲೆ ಉರಿಯುವ ಆಕಾಶಕ್ಕೂ ಅಪ್ಪನ ಬಟ್ಟಲಿಗೂ ನಡುವೆ ಈ ಕಪ್ಪು ಮೈ ನಿಂತಿತ್ತು. ನಾನು ಬಟ್ಟೆಯನ್ನು ಅಂಗಿ ಮಾಡಬಲ್ಲೆ. ಅವಳು ನೆರಳನ್ನು ಹಾಲು ಮಾಡುತ್ತಿದ್ದಳು. ಒಂದು ಸಂಜೆ ಅಪ್ಪ ಬಟ್ಟಲು ಬರಿದು ಮಾಡಿ, ಮೀಸೆಯ ಮೇಲಿನ ಕೆನೆ ಒರೆಸಿಕೊಂಡು, "ಹಾಂ, ಇದು ಗೌರೀದು" ಎಂದ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆ ಬೇಸಿಗೆಯಲ್ಲೇ ಒಂದು ದಿನ ಮನೆಯ ಮುಂದಿನ ಕೋಣೆಯಲ್ಲಿದ್ದ ನನ್ನ ಅಂಗಡಿಯಲ್ಲಿ ಮೆಷಿನ್ ತುಳಿಯುತ್ತಿದ್ದೆ. ಬೆವರು ಹನಿದು ಗಿರಾಕಿಯ ಬಿಳಿ ಬಟ್ಟೆ ಕಲೆಯಾಗುವಂತಿತ್ತು. ಗೋಣಿ ಪರದೆಗೆಂದು ಕೊಡ ಹೊತ್ತು ಹೊರಟಿದ್ದ ಅವ್ವನನ್ನು ಕರೆದೆ: "ಯವ್ವಾ, ನನ್ನ ತಲೀ ಮ್ಯಾಲೂ ಒಂದ್ ಚರಿಗಿ ನೀರು ಸುರಿಯಬೇ."

ಅವ್ವ ನಿಲ್ಲಲೂ ಇಲ್ಲ. "ನೀ ಎಷ್ಟ್ ಹಾಲು ಕೊಡತೀಯೋ?" ಎಂದು ಹಿತ್ತಲಿಗೆ ನಡೆದಳು.