ಈರುಳ್ಳಿ ಪರೀಕ್ಷೆ

ರಜೆ ಚೀಟಿ ಎಂಬ ಪದಾರ್ಥವೊಂದು ಭೂಮಿಯ ಮೇಲಿದೆ ಎಂದು ಡಾಕ್ಟರಮ್ಮನಿಗೆ ತಿಳಿದದ್ದು ಮದುವೆಯಾಗಿ ಬಂದ ವಾರದಲ್ಲೇ. (ಡಾಕ್ಟರಮ್ಮ ಎಂದರೆ ಡಾಕ್ಟರ ಹೆಂಡತಿ, ಅಷ್ಟೇ. ಓದಿದ್ದು ನಾಲ್ಕನೇ ಕ್ಲಾಸು.) ಮನೆಯ ಮುಂದಿನ ಕೋಣೆಯೇ ಕ್ಲಿನಿಕ್ಕು, ಅದಕ್ಕೆ ಅಂಟಿಕೊಂಡೇ ಅಡುಗೆಮನೆ. ಆ ದಿನ ಗಿರಣಿಯ ಫಿಟ್ಟರ್ ಒಬ್ಬ ಸೊಂಟ ಹಿಡಿದುಕೊಂಡು ನರಳುತ್ತಾ ಬಂದವನು, ಹೋಗುವಾಗ ಚರಂಡಿಯನ್ನು ಒಂದೇ ನೆಗೆತಕ್ಕೆ ದಾಟಿದ. ಗಂಡನ ಕೈಗುಣ ಕಂಡು ಅವಳು ಮೂರ್ಛೆ ಹೋಗುವುದೊಂದು ಬಾಕಿ.

"ಯಾವ ಔಷಧಿ ಕೊಟ್ರೀ?"

"ಔಷಧಿ ಎಲ್ಲಿ ಬಂತು? ಸೊಂಟ ನೋವು ಅಂತ ರಜೆ ಚೀಟಿ ಬರ್ಕೊಟ್ಟೆ."

"ನೋವು ಅಂತ ನಿಮಗೆ ಹೇಗೆ ಗೊತ್ತಾಯ್ತು?"

"ಅವನೇ ಹೇಳಿದ್ನಲ್ಲ!"

ಡಾಕ್ಟರು ಅಂಥ ಸಾಧುಪ್ರಾಣಿ. ಕೊನೆಗೊಂದು ದಿನ ಗಿರಣಿಯ ಮ್ಯಾನೇಜರು ಬುಸುಗುಡುತ್ತಾ ಬಂದರು. "ಡಾಕ್ಟ್ರೇ, ನೀವು ಸೊಂಟ ಹೋಯ್ತು ಅಂತ ಬರೆದ ಫಿಟ್ಟರ್ ನಿನ್ನೆ ಫುಟ್‌ಬಾಲ್ ಆಡ್ತಿದ್ದ! ಇನ್ನೊಂದು ಸಲ ಹೀಗಾದ್ರೆ ನಿಮ್ಮ ಚೀಟಿ ನಮ್ಮಲ್ಲಿ ನಡೆಯಲ್ಲ."

"ಚೀಟಿ ನಡೀದಿದ್ರೆ ನಿಜವಾಗಿ ಜ್ವರ ಬಂದವರ ಗತಿ ಏನೇ?" ಎಂದು ಡಾಕ್ಟರು ಅಂದು ಊಟವನ್ನೇ ಬಿಟ್ಟರು.

ಅವರು ಬಿಟ್ಟ ಊಟದಿಂದಲೇ ಡಾಕ್ಟರಮ್ಮನಿಗೆ ಜ್ಞಾನೋದಯವಾಯಿತು. ಈರುಳ್ಳಿ ಹುರಿದರೆ ಬೀದಿಯಿಂದಲೇ ಮೂಗರಳಿಸಿಕೊಂಡು ಬರುವ ಮನುಷ್ಯ, ಇವತ್ತು ತಿರುಗಿಯೂ ನೋಡಲಿಲ್ಲ!

"ನಾಳೆಯಿಂದ ರೋಗಿ ಬಂದಾಗೆಲ್ಲ ನಾನು ಈರುಳ್ಳಿ ಹುರೀತೀನಿ. ಮೂಗು ಅರಳಿದವನಿಗೆ ರಜೆ ಇಲ್ಲ."

"ಸೊಂಟಕ್ಕೂ ಮೂಗಿಗೂ ಏನೇ ಸಂಬಂಧ?"

"ನಿಜವಾಗಿ ಸೊಂಟ ನೋಯೋವನು ಬೇರೆಯವರ ಅಡುಗೆಮನೆ ನೆನೆಯಲ್ಲ ರೀ!"

ವೈದ್ಯಶಾಸ್ತ್ರವು ರೋಗಿಯ ಕುರ್ಚಿಯನ್ನು ಅಡುಗೆಮನೆಯ ಬಾಗಿಲ ಬಳಿಗೆ ಎಳೆದು ಹಾಕಿತು. ಮರುದಿನದಿಂದ ರೋಗಿ ಕುರ್ಚಿಯಲ್ಲಿ ಕೂತೊಡನೆ ಬಾಣಲೆ ಚುಂಯ್ ಎನ್ನುವುದು, ಬಾಗಿಲ ಸಂದಿಯಲ್ಲಿ ಡಾಕ್ಟರಮ್ಮನ ಒಂಟಿ ಕಣ್ಣು. ಮೂಗರಳಿತೋ, ಸೌಟು ಟಣ್ ಟಣ್! "ನಾಳೆ ಕೆಲಸಕ್ಕೆ ಹೋಗಪ್ಪ" ಎಂದು ಡಾಕ್ಟರು ತೀರ್ಪು ಕೊಡುವರು. ಫಿಟ್ಟರನಂತೂ ನರಳಾಟವನ್ನು ಅರ್ಧಕ್ಕೇ ನಿಲ್ಲಿಸಿ, "ಅಕ್ಕಾ, ಸೀದೋಗ್ತಿದೆ ನೋಡಿ!" ಎಂದು ಕೂಗಿ ಸಿಕ್ಕಿಬಿದ್ದ. ಆಮೇಲೆ ಮ್ಯಾನೇಜರೇ ಎದೆಯುರಿ ಎಂದು ಒಂದು ವಾರದ ರಜೆ ಕೇಳಲು ಬಂದರು. ಅವರ ಮೂಗು ಗಾಳಿಪಟದಂತೆ ಮೇಲೆದ್ದಿತು. ಟಣ್ ಟಣ್! ಅಂದಿನಿಂದ ಡಾಕ್ಟರ ಚೀಟಿಯ ಬಗ್ಗೆ ಗಿರಣಿಯಲ್ಲಿ ಯಾರೂ ಚಕಾರವೆತ್ತಲಿಲ್ಲ. ತನ್ನ ಕಣ್ಣಿಗೆ ಮಣ್ಣೆರಚುವ ಗಂಡಸು ಇನ್ನೂ ಹುಟ್ಟಿಲ್ಲವೆಂದು ಡಾಕ್ಟರಮ್ಮ ಬೀದಿಗೆಲ್ಲ ಸಾರಿಕೊಂಡು ಬಂದಳು.

ವರ್ಷಗಳು ಉರುಳಿದವು. ಎಂಬತ್ತು ದಾಟಿ, ಆ ಮುಂದಿನ ಕೋಣೆಯಲ್ಲೇ ಹಾಸಿಗೆ ಹಿಡಿದ ಡಾಕ್ಟರು ಒಂದು ಮಧ್ಯಾಹ್ನ, "ನನಗೂ ರಜೆ ಬೇಕು ಕಣೇ" ಎಂದರು.

"ಪರೀಕ್ಷೆ ಆಗದೆ ಇಲ್ಲ" ಎಂದು ನಗುತ್ತಲೇ ಅವಳು ಈರುಳ್ಳಿ ಹುರಿದಳು. ಸಂದಿಯಲ್ಲಿ ಇಣುಕಿದಳು. ಮೂಗು ಅಲುಗಲಿಲ್ಲ. ಇನ್ನಷ್ಟು ಹುರಿದಳು. ಊಹೂಂ. ಸೌಟನ್ನು ಅಲ್ಲೇ ಬಿಸುಟಳು. ಒಲೆಯನ್ನೂ ಆರಿಸದೆ ಓಡಿಹೋಗಿ ಹಣೆ ಮುಟ್ಟಿದಳು.

"ರೀ... ರಜೆ ಕೊಟ್ಟೆ ರೀ. ಎಷ್ಟು ದಿನ ಬೇಕೋ ಅಷ್ಟು ತಗೊಳ್ಳಿ. ಕಣ್ಣು ಬಿಡಿ!"

ಡಾಕ್ಟರು ಬಿಗಿಹಿಡಿದಿದ್ದ ಉಸಿರನ್ನು ಬುಸ್ಸೆಂದು ಬಿಟ್ಟು, ಒಂದೇ ಕಣ್ಣು ತೆರೆದರು.

"ಹಾಗಾದ್ರೆ ಓಡು, ಬಾಣಲೆ ಸೀಯ್ತಿದೆ. ಹೊಸದಾಗಿ ಒಂದಿಷ್ಟು ಹುರ್ಕೊಂಡು ಬಾ."

ಅವರು ಅವಳನ್ನು ಕೇಳಿದ್ದು ಅದೇ ಕೊನೆ. ತಟ್ಟೆ ಪೂರ್ತಿ ಖಾಲಿ ಮಾಡಿಯೇ ರಜೆಯ ಮೇಲೆ ತೆರಳಿದರು.