ಮುಖ ಉದುರದ ಹಾಗೆ ಮೀಸೆಗೆ ಎರಡು ಕಂಡಿ

ಅರಸೀಕೆರೆಯ ಸಕಲ ಮೀಸೆಗಳಿಗೂ ಎಡಕ್ಕೊಂದು ಬಲಕ್ಕೊಂದು ಕಂಡಿ ಇರತಕ್ಕದ್ದು ಎಂಬ ನಿಯಮ ಎರಡು ಸಾವಿರದ ಮೂರನೇ ಇಸವಿಯಲ್ಲಿ ಜಾರಿಗೆ ಬಂತು. ಅದಕ್ಕೆ ಕಾರಣ ಕೊಬ್ಬರಿ ಮಂಡಿಯ ಮರಿಯಣ್ಣ.

ಮರಿಯಣ್ಣನ ಮೀಸೆ ಅಂತಿಂಥದ್ದಲ್ಲ. ಕೆನ್ನೆ ಹತ್ತಿ, ಕೃತಾ ದಾಟಿ, ತಲೆಗೂದಲಿಗೆ ಹೋಗಿ ಸೇರುತ್ತಿತ್ತು. ಅವನು ಬೇಲೂರಲ್ಲಿ ಮೀಸೆ ತಿರುವಿದರೆ ಹಳೇಬೀಡಿನ ಒದೆಯೋ ಎಮ್ಮೆ ತೆಪ್ಪಗೆ ನಿಂತು ಹಾಲು ಕರೆಸಿಕೊಳ್ಳುತ್ತಿತ್ತು. ಇದನ್ನು ಎಮ್ಮೆಯೂ ಅಲ್ಲಗಳೆದಿಲ್ಲ.

ಆ ವರ್ಷ ಸಾರ್ವಜನಿಕ ಕಲಾ ಪ್ರದರ್ಶನ ಸಮಿತಿಯವರು ಸ್ಟೇಷನ್ ರಸ್ತೆಯ ಗೋಡೆಗೆ ಚಿತ್ರ ಮಾಡಲು ಕಾಲೇಜು ಮಕ್ಕಳನ್ನು ಕರೆಸಿದರು. ಮಕ್ಕಳು ಹಳೇ ಎಕ್ಸ್‌ರೇ ಹಾಳೆಯಲ್ಲಿ ಮರಿಯಣ್ಣನ ಮುಖ ಕೊರೆದು, ಗೋಡೆಗೆ ಒತ್ತಿ ಹಿಡಿದು, ಕಪ್ಪು ಬಣ್ಣ ಹೊಡೆದರು. ಹಾಳೆ ತೆಗೆದಾಗ ಗೋಡೆಯ ಮೀಸೆ ಎರಡು ಕಡೆ ತುಂಡಾಗಿತ್ತು.

"ಏನವ್ವಾ ಇದು? ನನ್ ಮೀಸೆನ ಇಲಿ ಕಡೀತಾ?"

"ಇಲ್ಲ ತಾತ," ಎಂದಳು ಹಾಳೆ ಕೊರೆದಿದ್ದ ಆಶಾರಾಣಿ. "ಮೀಸೆ, ಕೂದಲು ಸುತ್ತ ಕೂಡ್ಕೊಂಡ್ರೆ ಮಧ್ಯದ ಹಾಳೆಗೆ ಹಿಡಿತ ಇರಲ್ಲ. ಎರಡು ಕಡೆ ಕೊರೀದೆ ಬಿಡ್ಬೇಕು. ಇಲ್ಲಾಂದ್ರೆ ಮುಖ ಉದುರಿ ಬೀಳುತ್ತೆ."

ಉದ್ಘಾಟನೆಯ ದಿನ ಚಿತ್ರದಲ್ಲಿರುವವರಿಗೆ ಶಾಲು ಹೊದಿಸಿ ಸನ್ಮಾನ. ಮರಿಯಣ್ಣ ಹಗರೆಯಿಂದ ಗೆಂಡೆಹಳ್ಳಿವರೆಗೂ ಡಂಗುರ ಹೊಡೆದಿದ್ದ. ನೆಂಟರು ಬಸ್ಸು ತುಂಬ ಬಂದಿದ್ದರು. ವೇದಿಕೆಯ ಮೆಟ್ಟಿಲಲ್ಲೇ ಸಮಿತಿ ಅಧ್ಯಕ್ಷ ನಂಜುಂಡಯ್ಯನವರು ಅವನನ್ನು ತಡೆದರು.

"ಗೋಡೆ ಮೇಲಿರೋರು ನೀವಲ್ಲ ಕಣ್ರೀ. ಅವರ ಮೀಸೆಗೆ ಎರಡು ಕಂಡಿ ಇದೆ."

"ಗೋಡೆದೇ ತಪ್ಪು ಸ್ವಾಮಿ!"

"ಗೋಡೆಗೆ ಮಂಜೂರಾತಿ ಸಿಕ್ಕಿದೆ. ನಿಮ್ಮ ಮುಖಕ್ಕೆ ಸಿಕ್ಕಿದೆಯಾ?"

ಮರಿಯಣ್ಣ ಕೆನ್ನೆ ತಡವಿಕೊಂಡ. ಅರವತ್ತು ದಾಟಿದರೂ ಅದಕ್ಕೆ ಅರ್ಜಿ ಹಾಕುವುದು ಅವನಿಗೆ ಹೊಳೆದಿರಲಿಲ್ಲ.

"ಹಂಗಾರೆ ಗೋಡೆಗೇ ಒಂಚೂರು ಮಸಿ ಬಳೀತೀನಿ."

"ಮಂಜೂರಾದ ಮುಖವನ್ನು ತಿದ್ದುವುದು ನಿಷಿದ್ಧ."

ಮುಂದಿನ ಸಾಲಿನಿಂದ ಹೆಂಡತಿ ಗಿಡ್ಡಮ್ಮ ಕೂಗಿದಳು: "ನಾನು ಒಪ್ಪಿದ್ದು ಆ ಮೀಸೇನ, ನಿನ್ ಮೂತಿನಲ್ಲ! ಅದಕ್ಕೆ ಕತ್ತರಿ ಬಿತ್ತೋ, ತೌರಿಗೆ ಹೊಂಟೆ!"

"ಏನ್ಲಾ ಮರಿಯಾ," ಎಂದ ಭಾವಮೈದ ಕೆಂಚಯ್ಯ, "ಶಾಲು ಗೋಡೆಗೇ ಹೊದಿಸ್ತಾರಂತೇನ್ಲಾ?"

ಶಾಲು ಕಳೆದುಕೊಂಡರೆ ಊರು ನಗುತ್ತದೆ. ಮೀಸೆ ಕಳೆದುಕೊಂಡರೆ ಮನೆ ಹೋಗುತ್ತದೆ. ಮರಿಯಣ್ಣ ಎದುರಿನ ಕ್ಷೌರದಂಗಡಿಗೆ ಹೋದ. ಎರಡು ಕಂಡಿ ಮಾಡಿಸಿಕೊಂಡು ಬಂದು, ಶಾಲು ಹೊದ್ದು, ಮೈಕು ಹಿಡಿದ.

"ಯಾರೂ ನಗಬ್ಯಾಡಿ. ಮೀಸೆಗೆ ಕಂಡಿ ಬಿಡದಿದ್ರೆ ಮುಖ ಉದುರಿ ಬೀಳ್ತೈತಂತೆ. ಕಾಲೇಜಲ್ಲಿ ಓದೋ ಹುಡುಗೀನೇ ಹೇಳವ್ಳೆ. ನನ್ನದು ಆಗ್ಲೇ ಅಳ್ಳಾಡ್ತಿತ್ತು."

ಸಭೆಯ ಗಂಡಸರೆಲ್ಲ ಒಟ್ಟಿಗೆ ದವಡೆ ಹಿಡಿದುಕೊಂಡರು. ಸಂಜೆಯೊಳಗೆ ಪ್ರಕಟಣೆ ಬಂತು: "ಮುಖ ಉದುರುವಿಕೆ ತಡೆ ಅಭಿಯಾನ. ಕಂಡಿರಹಿತ ಮೀಸೆಯವರು ತಮ್ಮ ಮುಖಕ್ಕೆ ತಾವೇ ಜವಾಬ್ದಾರರು." ಅದು ಹಾಳೆಗೆ ಹೇಳಿದ ಮಾತು ಎಂದು ಆಶಾರಾಣಿ ಬರೆದುಕೊಟ್ಟಳು. ಆಕೆಗೆ ಮೀಸೆಯ ಅನುಭವವಿಲ್ಲದ ಕಾರಣ ಸಮಿತಿ ಅದನ್ನು ಪರಿಗಣಿಸಲಿಲ್ಲ.

ಗಿಡ್ಡಮ್ಮ ಹೇಳಿದಂತೆ ತೌರಿಗೆ ಹೋದಳು. ಬಾಗಿಲು ತೆಗೆದ ಕೆಂಚಯ್ಯನ ಮೀಸೆಗೂ ಎರಡು ಕಂಡಿ. ಅದೇ ಬಸ್ಸಿಗೆ ವಾಪಸ್ಸು ಬಂದಳು.

ನಿಯಮ ಈಗಲೂ ಜಾರಿಯಲ್ಲಿದೆ. ಅಂದಿನಿಂದ ಅರಸೀಕೆರೆಯಲ್ಲಿ ಒಂದೇ ಒಂದು ಮುಖವೂ ಉದುರಿಲ್ಲ.