ತಗಡು ಕತ್ತರಿಸಲು ಜರ್ಮನಿಗೆ

ಹೆದರಿಕೊಂಡವರನ್ನೇ ಹುಡುಕಿಕೊಂಡು ಬರುವ ಪ್ರಸಂಗಗಳು ಕೆಲವಿರುತ್ತವೆ. ಅವಕ್ಕೆ ನನ್ನ ವಿಳಾಸ ಚೆನ್ನಾಗಿ ಗೊತ್ತು.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಚಿಕ್ಕಮಗಳೂರಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಿದ್ದೆ. ಕ್ಲಾಸಿಗೆ ನಾನೊಬ್ಬಳೇ ಹುಡುಗಿ. ಲೇಸರ್‌ನಿಂದ ಉಕ್ಕಿನ ತಗಡು ಕತ್ತರಿಸುವ ಸಂಶೋಧನೆಗೆಂದು ಕೆಲವು ತಿಂಗಳ ಮಟ್ಟಿಗೆ ಜರ್ಮನಿಗೆ ಹೋಗಲು ನನ್ನನ್ನು ಆರಿಸಿದರು. "ನೀನು ಕೆಡಿಸಿದರೆ ನಮ್ಮ ಕಾಲೇಜಿನಿಂದ ಮತ್ತೊಬ್ಬರನ್ನು ಕರೆಯೋದಿಲ್ಲ" ಅಂತ ಪ್ರಿನ್ಸಿಪಾಲರು ಮೊದಲೇ ಹೇಳಿಬಿಟ್ಟರು. ಅವತ್ತು ಶುರುವಾದ ಹೆದರಿಕೆ ವಾಪಸ್ ಬರುವವರೆಗೂ ಬಿಡಲಿಲ್ಲ.

ಟಾರ್ಪಾಲು

ನಮ್ಮೂರು ಕಳಸದಲ್ಲಿ ಸುದ್ದಿ ಹಬ್ಬಿತು. ಪಕ್ಕದ ಎಸ್ಟೇಟಿನ ಯಜಮಾನರು ನಮ್ಮ ಮನೆಗೇ ಜೀಪು ಕಳಿಸಿದರು. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಅವರ ಪಲ್ಪರ್ ಶೆಡ್ಡಿನ ಚಾವಣಿ ಶೀಟು ಗಾಳಿಗೆ ಹಾರಿಹೋಗಿತ್ತು.

"ನೀನು ತಗಡು ಕತ್ತರಿಸೋದರಲ್ಲಿ ಹುಷಾರಂತೆ. ಈ ಹೊಸ ಶೀಟನ್ನೊಂದು ಅಳತೆಗೆ ಕತ್ತರಿಸಿಕೊಡು" ಅಂದರು.

ಅಷ್ಟು ದೊಡ್ಡ ಮನುಷ್ಯರಿಗೆ ಆಗೋದಿಲ್ಲ ಅನ್ನಲು ಧೈರ್ಯವಾಗಲಿಲ್ಲ. "ನಾನು ಇನ್ನೂ ಕಲಿಯೋಕೆ ಹೋಗ್ತಾ ಇರೋದು" ಅಂದೆ, ಸಣ್ಣ ದನಿಯಲ್ಲಿ.

ಅವರು ಶೆಡ್ಡನ್ನೊಮ್ಮೆ ನೋಡಿದರು. "ಅವಸರ ಇಲ್ಲ. ಕಲಿತು ಬಾ. ಅಲ್ಲೀವರೆಗೆ ಟಾರ್ಪಾಲು ಹಾಕಿಸ್ತೀನಿ."

ಕೆಂಪು ಬಣ್ಣ

ಜರ್ಮನಿಯಲ್ಲಿ ಪ್ರೊಫೆಸರ್ ಮೊದಲ ದಿನವೇ ಎಚ್ಚರಿಸಿದ್ದರು: "ಬಾಗಿಲಲ್ಲಿ ಕೆಂಪು ಕಂಡರೆ ಒಳಗೆ ಲೇಸರ್ ನಡೀತಿದೆ ಅಂತ ಅರ್ಥ. ಬಾಗಿಲು ಮುಟ್ಟಬೇಡ, ಕಣ್ಣು ಹೋಗುತ್ತೆ."

ಮರುದಿನ ಒಬ್ಬಳೇ ಬಂದೆ. ಉದ್ದನೆಯ ಕಾರಿಡಾರು, ಎಲ್ಲ ಬಾಗಿಲೂ ಒಂದೇ ಥರ. ಒಂದರ ಬೀಗದ ಹತ್ತಿರ ಕೆಂಪು ಗುರುತಿತ್ತು. ನಾನು ಗೋಡೆಗೆ ಅಂಟಿಕೊಂಡು, ಕಣ್ಣು ಅರ್ಧ ಮುಚ್ಚಿ ನಿಂತೆ. ಕಾಲು ಸೋತರೂ ಕದಲಲಿಲ್ಲ. ಕೊನೆಗೆ ಒಳಗೆ ನೀರು ಹರಿದ ಸದ್ದಾಯಿತು. ಯಂತ್ರವನ್ನು ತಣ್ಣಗೆ ಮಾಡುತ್ತಿದ್ದಾರೆ ಅಂದುಕೊಂಡೆ. ಕೆಂಪು ಹೋಗಿ ಹಸಿರು ಬಂತು, ಪ್ರೊಫೆಸರ್ ಹೊರಗೆ ಬಂದರು.

"ಪ್ರಯೋಗ ಮುಗೀತಾ ಸರ್?" ಅಂತ ಕೇಳಿದೆ.

ಅವರ ಕಿವಿ ಕೆಂಪಾಯಿತು. ಅದು ಟಾಯ್ಲೆಟ್, ಕೆಂಪು ಅಂದರೆ ಒಳಗೆ ಜನ ಇದ್ದಾರೆ ಅಂತ ನನಗೆ ಆಗ ಹೊಳೆಯಿತು.

"ಮುಗೀತು" ಅಂದರು ಪಾಪ.

ಬರ

ತಗಡು ಕತ್ತರಿಸಿದಾಗ ಅಂಚಿನಲ್ಲಿ ಉಳಿಯುವ ಚೂಪು ತರಿಗೆ ಇಂಗ್ಲಿಷಿನಲ್ಲಿ ಬರ್ ಅನ್ನುತ್ತಾರೆ. ಅದು ಬಾರದಂತೆ ಕತ್ತರಿಸುವುದೇ ನನ್ನ ಕೆಲಸ. ಆದರೆ ಏನು ಮಾಡಿದರೂ ಬರುತ್ತಿತ್ತು. ನಿದ್ದೆ ಕೆಟ್ಟು ಮನೆಗೆ ಫೋನು ಮಾಡಿದೆ. ಲೈನು ಕರಕರ ಅನ್ನುತ್ತಿತ್ತು.

"ಅಪ್ಪಯ್ಯ, ಇಲ್ಲಿ ಬರ್ ಜಾಸ್ತಿಯಾಗಿದೆ. ನಂಗೆ ಹೆದರಿಕೆ ಆಗ್ತಿದೆ."

"ಜರ್ಮನಿಗೂ ಬರವಾ?"

"ಹೂಂ, ದಿನಾ ಬರ್ತಿದೆ. ಪ್ರೊಫೆಸರ್ರೂ ನೋಡಿದ್ರು, ಕಡಿಮೆ ಆಗಲಿಲ್ಲ."

"ಬರಕ್ಕೆ ಪ್ರೊಫೆಸರ್ ಕೈಲಿ ಎಂತ ಆಗುತ್ತೆ ಮಾರಾಯ್ತಿ? ಮಳೆ ಬರಬೇಕು" ಅಂದರು. ಲೈನು ಕಡಿದುಹೋಯಿತು.

ಮುಂದಿನ ಸಲ ಅಮ್ಮ ಫೋನು ಎತ್ತಿಕೊಂಡಳು. ದೇವಸ್ಥಾನದಲ್ಲಿ ನಮ್ಮ ಪ್ರೊಫೆಸರರ ಊರಿನ ಹೆಸರಲ್ಲಿ ಮಳೆಗಾಗಿ ಪೂಜೆ ಮಾಡಿಸಿದ್ದಳಂತೆ. ಆ ವಾರವಿಡೀ ಜರ್ಮನಿಯಲ್ಲಿ ಎಡೆಬಿಡದೆ ಮಳೆ ಸುರಿಯಿತು. ಬರ್ ಮಾತ್ರ ಹಾಗೇ ಇತ್ತು.

ಅಂಚು

ಕೊನೆಗೆ ಲೇಸರ್ ತಗಡಿನ ಮೇಲೆ ಸಾಗುವ ವೇಗ, ಗಾಳಿಯ ಒತ್ತಡ ಬದಲಿಸುತ್ತಾ ಹೋಗಿ ಕೆಲವು ತುಂಡುಗಳು ಚೆನ್ನಾಗಿ ಬಂದವು. ಪ್ರೊಫೆಸರ್ ಅವನ್ನು ಬೆಳಕಿಗೆ ಹಿಡಿದು ನೋಡಿದರು. ಹಾಗೇ ವಾಪಸ್ ಕೊಟ್ಟರು. ಹೊರಡುವ ದಿನ ತಾವೇ ಒಂದು ತುಂಡು ಕತ್ತರಿಸಿ ಕೈಗಿಟ್ಟರು. "ಅಂಚು ಅಂದರೆ ಹೀಗಿರಬೇಕು. ಮಾದರಿಗೆ ಇಟ್ಟುಕೋ."

ನನ್ನವು, ಅವರದು ಎಲ್ಲವನ್ನೂ ಕೈಚೀಲದಲ್ಲಿ ಹಾಕಿಕೊಂಡೆ. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಅಧಿಕಾರಿ ಹೊರಗೆ ತೆಗೆಸಿದ. ದೊಡ್ಡ ಪೆಟ್ಟಿಗೆ ಆಗಲೇ ವಿಮಾನಕ್ಕೆ ಹೋಗಿತ್ತು. ಇವು ಹೋದರೆ ಕಾಲೇಜಿನಲ್ಲಿ ತೋರಿಸಲು ನನ್ನ ಹತ್ತಿರ ಬೇರೆ ಏನೂ ಇರಲಿಲ್ಲ.

"ಚೂಪಾಗಿದ್ದರೆ ಬಿಡೋದಿಲ್ಲ" ಅಂದ. ತೆಳ್ಳನೆಯ ಕೈಗವಸು ಹಾಕಿಕೊಂಡು ಒಂದೊಂದರ ಅಂಚಿನ ಮೇಲೂ ಬೆರಳೆಳೆದ. ನಾನು ಎಣಿಸುತ್ತಾ ನಿಂತೆ. ನನ್ನವು ಒಂದೂ ತರಚಲಿಲ್ಲ. ಕೊನೆಯದಕ್ಕೆ ಕೈಗವಸು ಪರ್ರನೆ ಹರಿಯಿತು.

"ಇದನ್ನು ಕತ್ತರಿಸಿದ್ದು ಯಾರು?"

"ನಮ್ಮ ಪ್ರೊಫೆಸರ್."

ಆತ ಅದನ್ನು ಪಕ್ಕದ ಡಬ್ಬಿಗೆ ಹಾಕಿ, ಉಳಿದವನ್ನು ನನ್ನ ಕಡೆ ತಳ್ಳಿದ.

"ಅವರಿಗೆ ಇನ್ನೂ ಸ್ವಲ್ಪ ಅಭ್ಯಾಸ ಬೇಕು. ನೀವು ಹೊರಡಿ."